ಪೆನ್ಸಿಲ್ ಹಿಡಿದು 2004ರ ರೆಡ್ ಸಾಕ್ಸ್ ಸೀಸನ್ ನೋಡುವುದು ಹೇಗೆ

ಬಾಸ್ಟನ್ ರೆಡ್ ಸಾಕ್ಸ್ 2004ರಲ್ಲಿ ಗೆದ್ದ ಕಥೆಯನ್ನು ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲದವರೂ ಕೇಳಿರುತ್ತಾರೆ. 86 ವರ್ಷದ ಮೇಲೆ ಸಿಕ್ಕ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಮೇಜರ್ ಲೀಗ್‌ನ ಅಂತಿಮ ಸರಣಿ. ಅದರ ಹಿಂದಿನ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು 0-3 ಹಿಂದೆ ಬಿದ್ದು, ಉಳಿದ ನಾಲ್ಕನ್ನೂ ಗೆದ್ದ ತಂಡ. ಅಲ್ಲಿಯವರೆಗೆ ಮೇಜರ್ ಲೀಗ್‌ನಲ್ಲಿ ಯಾರೂ ಹಾಗೆ ಗೆದ್ದಿರಲಿಲ್ಲ.

ಇಷ್ಟು ಗೊತ್ತಿರುವವರು ಸಾಮಾನ್ಯವಾಗಿ ಮೂರು ಕ್ಲಿಪ್ ನೋಡುತ್ತಾರೆ. ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದದ್ದು (ಯಾರೂ ಚೆಂಡು ಹೊಡೆಯದೆಯೇ ಓಡಿ ಮುಟ್ಟಿದ್ದು), ಡೇವಿಡ್ ಓರ್ಟಿಜ್ ಹೋಮ್ ರನ್ ಹೊಡೆದದ್ದು (ಚೆಂಡನ್ನು ಮೈದಾನದಾಚೆ ದಾಟಿಸಿದ್ದು), ಕರ್ಟ್ ಶಿಲ್ಲಿಂಗ್ ಕಾಲುಚೀಲದ ಮೇಲಿನ ರಕ್ತ. ಹತ್ತು ನಿಮಿಷಕ್ಕೆ ಮುಗಿಯಿತು. ನನ್ನನ್ನು ಕೇಳಿದರೆ, ಅದರಲ್ಲಿ ಆ ಸೀಸನ್‌ನ ಅರ್ಧವೂ ಇಲ್ಲ. ಆ ಅಕ್ಟೋಬರ್‌ನಲ್ಲಿ ಪಂದ್ಯ ನಡೆದದ್ದು ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ತೋಳಿನ ಮೇಲೆ. ಯಾರ ತೋಳಲ್ಲಿ ಇನ್ನೂ ಎಸೆತ ಉಳಿದಿದೆ, ಯಾರದು ಮುಗಿದಿದೆ, ನಾಳೆಗೆ ಯಾರನ್ನು ಇಟ್ಟುಕೊಳ್ಳಬೇಕು? ಇದು ಕ್ಲಿಪ್‌ನಲ್ಲಿ ಕಾಣುವುದಿಲ್ಲ. ಕೂತು ಬರೆದುಕೊಂಡರೆ ಮಾತ್ರ ಕಾಣುತ್ತದೆ.

ನಾನು ಕ್ಲಬ್ ಕ್ರಿಕೆಟ್‌ಗೆ ಸ್ಕೋರ್ ಬರೆಯುತ್ತಿದ್ದವನು. ಬರೆಯದೆ ಪಂದ್ಯ ನೋಡಿದರೆ ನನಗೆ ನೋಡಿದ ಹಾಗೇ ಅನಿಸುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಸ್ಕೋರರ್ ಒಬ್ಬನ ದಾರಿ ಅಂದುಕೊಳ್ಳಿ.

ಮೊದಲು ನೋಟ್‌ಬುಕ್

ಅಗಲ ಹಾಳೆಯ ನೋಟ್‌ಬುಕ್ ಸಾಕು. ಪೆನ್ ಬೇಡ. ಪೆನ್ಸಿಲ್ ಇರಲಿ, ಪಕ್ಕದಲ್ಲಿ ರಬ್ಬರ್ ಇರಲಿ. ಯಾಕೆ ಅಂದರೆ ಯಾಂಕೀಸ್ ಸರಣಿಯ ಆರನೇ ಪಂದ್ಯದಲ್ಲಿ ಅಂಪೈರ್‌ಗಳು ಎರಡು ಸಲ ಗುಂಪುಗೂಡಿ ಮಾತಾಡಿ ತೀರ್ಪು ಬದಲಿಸುತ್ತಾರೆ. ಎರಡು ಸಲವೂ ನೀವು ಬರೆದದ್ದನ್ನು ಅಳಿಸಬೇಕು.

ಎಡಬದಿಯಲ್ಲಿ ಒಂದರ ಕೆಳಗೊಂದು ಒಂಬತ್ತು ಬ್ಯಾಟರ್‌ಗಳ ಹೆಸರು. ಅಡ್ಡಕ್ಕೆ ಇನಿಂಗ್ಸ್‌ಗಳು. ಬೇಸ್‌ಬಾಲ್‌ನಲ್ಲಿ ಒಂದು ಇನಿಂಗ್ಸ್ ಅಂದರೆ ಎರಡೂ ತಂಡದ ಒಂದೊಂದು ಸರದಿ, ಸಾಮಾನ್ಯವಾಗಿ ಒಂಬತ್ತು ಇರುತ್ತವೆ, ಸಮ ಆದರೆ ಹೆಚ್ಚು. ಒಂಬತ್ತಕ್ಕೆ ನಿಲ್ಲಿಸಬೇಡಿ, ಹದಿನಾಲ್ಕರವರೆಗೆ ಗೆರೆ ಎಳೆದಿಡಿ. ಬೇಕಾಗುತ್ತದೆ.

ಫೀಲ್ಡರ್‌ಗಳಿಗೆ ನಂಬರ್ ಇದೆ. ಜರ್ಸಿ ನಂಬರ್ ಅಲ್ಲ, ನಿಂತ ಜಾಗದ ನಂಬರ್. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡ್ 7, ಸೆಂಟರ್ 8, ರೈಟ್ 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3 ಅಂತ ಬರೆಯಿರಿ. ಸೆಂಟರ್ ಫೀಲ್ಡರ್ ಕ್ಯಾಚ್ ಹಿಡಿದರೆ ಬರೀ 8. ಸ್ಟ್ರೈಕ್‌ಔಟ್ ಆದರೆ, ಅಂದರೆ ಬ್ಯಾಟರ್ ಮೂರು ಸ್ಟ್ರೈಕ್ (ಹೊಡೆಯಬೇಕಿದ್ದೂ ಹೊಡೆಯಲಾಗದ ಎಸೆತ) ಆಗಿ ಔಟ್ ಆದರೆ, ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟ್ ಆದರೆ ಅದೇ ಕೆ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಆಟಗಾರ ಬೇಸ್ ತಲುಪಿದರೆ ಚೌಕದೊಳಗೆ ಪುಟ್ಟ ಡೈಮಂಡ್ ಬಿಡಿಸಿ, ಎಷ್ಟು ದೂರ ಹೋದನೋ ಅಷ್ಟು ಗೆರೆ ತಿದ್ದಿ. ಸುತ್ತು ಮುಗಿಸಿ ಮನೆ (ಬ್ಯಾಟ್ ಮಾಡಿದ ಜಾಗ) ಮುಟ್ಟಿದರೆ ಒಂದು ರನ್, ಡೈಮಂಡ್ ತುಂಬಿಸಿ. ಇಷ್ಟು ಸಾಕು, ಉಳಿದದ್ದು ಬರೆಯುತ್ತಾ ಬರುತ್ತದೆ.

ಈಗ ಮುಖ್ಯವಾದ ಹಾಳೆ. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಐದು ಕಾಲಂ ಹಾಕಿ: ಅಕ್ಟೋಬರ್ 16, 17, 18, 19, 20. ಎಡಕ್ಕೆ ಬಾಸ್ಟನ್ ಪಿಚರ್‌ಗಳ ಹೆಸರು: ಡೆರೆಕ್ ಲೋ, ಪೆಡ್ರೊ ಮಾರ್ಟಿನೆಜ್, ಶಿಲ್ಲಿಂಗ್, ಟಿಮ್ ವೇಕ್‌ಫೀಲ್ಡ್, ಬ್ರಾನ್ಸನ್ ಅರೋಯೊ, ಕೀತ್ ಫೌಲ್ಕ್, ಮೈಕ್ ಟಿಮ್ಲಿನ್, ಅಲನ್ ಎಂಬ್ರೀ, ಮೈಕ್ ಮೈಯರ್ಸ್, ಕರ್ಟಿಸ್ ಲೆಸ್ಕಾನಿಕ್. ಕೆಳಗೆ ಯಾಂಕೀಸ್ ಕಡೆಯಿಂದ ಇಬ್ಬರೇ ಸಾಕು, ಮರಿಯಾನೊ ರಿವೆರಾ ಮತ್ತು ಟಾಮ್ ಗಾರ್ಡನ್. ಪ್ರತಿ ಪಂದ್ಯ ಮುಗಿದ ಮೇಲೆ ಯಾರು ಎಷ್ಟು ಇನಿಂಗ್ಸ್, ಎಷ್ಟು ಎಸೆತ ಎಸೆದರು ಅಂತ ತುಂಬಿಸುತ್ತಾ ಹೋಗಿ.

ಪಿಚಿಂಗ್ ಶುರುಮಾಡುವ ಸ್ಟಾರ್ಟರ್ ಸುಮಾರು ನೂರು ಎಸೆತ ಎಸೆದು ಆಮೇಲೆ ನಾಲ್ಕು ದಿನ ಸುಧಾರಿಸಿಕೊಳ್ಳುತ್ತಾನೆ. ಕೊನೆಗೆ ಬರುವ ಕ್ಲೋಸರ್ ಸಾಮಾನ್ಯವಾಗಿ ಒಂದೇ ಇನಿಂಗ್ಸ್ ಎಸೆಯುತ್ತಾನೆ. ಈ ಲೆಕ್ಕ ತಲೆಯಲ್ಲಿದ್ದರೆ ಆ ಪುಟ ಎಷ್ಟು ವಿಚಿತ್ರವಾಗಿ ತುಂಬುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ವಿಡಿಯೊಗೆ ಮೇಜರ್ ಲೀಗ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಹಳೇ ಪಂದ್ಯಗಳನ್ನು ಹುಡುಕಿ. ಬರೆದದ್ದನ್ನು ತಾಳೆ ನೋಡಲು ರೆಟ್ರೋಶೀಟ್, ಬೇಸ್‌ಬಾಲ್ ರೆಫರೆನ್ಸ್ ತಾಣಗಳಿವೆ. ಅಲ್ಲಿ ಪ್ರತಿ ಬ್ಯಾಟರ್‌ಗೆ ಏನಾಯಿತು ಅನ್ನುವುದು ಪುಕ್ಕಟೆ ಸಿಗುತ್ತದೆ. ಆದರೆ ಪಂದ್ಯ ಮುಗಿಯುವ ಮೊದಲು ತೆರೆಯಬೇಡಿ.

ಹಿಂದಿನ ಕಥೆ, ಬೇಕಾದಷ್ಟು ಮಾತ್ರ

ಬೇಬ್ ರೂತ್ ಎಂಬ ಆಟಗಾರನನ್ನು ಮಾರಿದ್ದಕ್ಕೆ ತಂಡಕ್ಕೆ ತಟ್ಟಿತು ಅನ್ನುವ ಶಾಪದ ಕಥೆಗೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ರೆಡ್ ಸಾಕ್ಸ್ 1918ರಲ್ಲಿ ಗೆದ್ದಿತು, 1919ರ ಕೊನೆಯಲ್ಲಿ ರೂತ್‌ನನ್ನು ಯಾಂಕೀಸ್‌ಗೆ 1,00,000 ಡಾಲರ್‌ಗೆ ಮಾರಿತು, ಆಮೇಲೆ ಗೆಲ್ಲಲಿಲ್ಲ. 1946, 1967, 1975, 1986, ನಾಲ್ಕು ಸಲ ವರ್ಲ್ಡ್ ಸೀರೀಸ್ ತಲುಪಿ ನಾಲ್ಕು ಸಲವೂ ಏಳನೇ ಪಂದ್ಯದಲ್ಲಿ ಸೋತಿತು. ಅಷ್ಟು ಗೊತ್ತಿದ್ದರೆ ಸಾಕು.

ಬಿಡಬಾರದ್ದು ಒಂದಿದೆ. 2003ರ ಅಕ್ಟೋಬರ್ 16, ಯಾಂಕೀಸ್ ಎದುರು ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯ. ಅದರ ಎಂಟನೇ ಇನಿಂಗ್ಸ್‌ನಿಂದ ನೋಡಿ. ಬಾಸ್ಟನ್ 5-2 ಮುಂದಿದೆ. ಪೆಡ್ರೊ ದಣಿದಿದ್ದಾನೆ ಅನ್ನುವುದು ಮನೆಯಲ್ಲಿ ಕೂತವರಿಗೂ ಕಾಣುತ್ತದೆ. ಮ್ಯಾನೇಜರ್ ಗ್ರೇಡಿ ಲಿಟ್ಲ್ ಮೈದಾನದ ಮಧ್ಯಕ್ಕೆ ನಡೆದು ಹೋಗುತ್ತಾನೆ, ಮಾತಾಡುತ್ತಾನೆ, ಪೆಡ್ರೊನನ್ನು ಅಲ್ಲೇ ಬಿಟ್ಟು ವಾಪಸ್ ಬರುತ್ತಾನೆ. ಯಾಂಕೀಸ್ ಸಮ ಮಾಡುತ್ತದೆ. ಆ ದಿನ ಪೆಡ್ರೊ ಎಸೆದದ್ದು 123 ಎಸೆತ. ಹನ್ನೊಂದನೇ ಇನಿಂಗ್ಸ್‌ನಲ್ಲಿ ವೇಕ್‌ಫೀಲ್ಡ್ ಎಸೆದ ಮೊದಲ ಚೆಂಡನ್ನೇ ಆರನ್ ಬೂನ್ ಪ್ರೇಕ್ಷಕರ ನಡುವೆ ಹಾಕುತ್ತಾನೆ. ಪಂದ್ಯ ಮುಗಿಯಿತು, ಸೀಸನ್ ಮುಗಿಯಿತು, ಲಿಟ್ಲ್ ಕೆಲಸವೂ ಹೋಯಿತು.

ಇದರಿಂದ ಎರಡು ವಿಷಯ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ. ಒಂದು, ದಣಿದ ತೋಳು. ಎರಡು, ವೇಕ್‌ಫೀಲ್ಡ್ ಹೆಸರು. ಎರಡೂ ಒಂದು ವರ್ಷದ ಮೇಲೆ ವಾಪಸ್ ಬರುತ್ತವೆ.

162 ಪಂದ್ಯವೂ ಬೇಡ

2004ರ ಸೀಸನ್‌ಗೆ ಮೊದಲು ಜನರಲ್ ಮ್ಯಾನೇಜರ್ ಥಿಯೊ ಎಪ್‌ಸ್ಟೀನ್ ಅರಿಜೋನದಿಂದ ಶಿಲ್ಲಿಂಗ್‌ನನ್ನು ತಂದ, ಕ್ಲೋಸರ್ ಆಗಿ ಫೌಲ್ಕ್‌ನನ್ನು ಸೇರಿಸಿಕೊಂಡ. ಮ್ಯಾನೇಜರ್ ಆಗಿ ಟೆರಿ ಫ್ರಾಂಕೋನ ಬಂದ. ಅಲೆಕ್ಸ್ ರೊಡ್ರಿಗೆಜ್‌ನನ್ನು ತರುವ ಪ್ರಯತ್ನ ಮುರಿದು ಬಿತ್ತು, ಅವನು ಯಾಂಕೀಸ್ ಸೇರಿದ. ಬಾಸ್ಟನ್ ಜನಕ್ಕೆ ಅವನ ಮೇಲೆ ಅಷ್ಟು ಸಿಟ್ಟು ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಸೀಸನ್‌ನ ನಡುವೆ ಮೂರು ದಿನ ಸಾಕು. ಮೂರೂ ಜುಲೈನವು.

ಜುಲೈ 1, ನ್ಯೂಯಾರ್ಕ್‌ನಲ್ಲಿ. ಹದಿಮೂರು ಇನಿಂಗ್ಸ್, ಬಾಸ್ಟನ್ 4-5ರಿಂದ ಸೋಲುತ್ತದೆ. ಡೆರೆಕ್ ಜೀಟರ್ ಕ್ಯಾಚ್ ಹಿಡಿದು ಪ್ರೇಕ್ಷಕರ ಕುರ್ಚಿಗಳ ಮೇಲೆ ಬಿದ್ದು ಮುಖ ಕೆತ್ತಿಸಿಕೊಂಡು ಏಳುತ್ತಾನೆ. ಅದೇ ಹೊತ್ತಿಗೆ ಬಾಸ್ಟನ್‌ನ ಶಾರ್ಟ್‌ಸ್ಟಾಪ್, ಊರಿಗೆಲ್ಲ ಮುದ್ದಿನ ನೋಮರ್ ಗಾರ್ಸಿಯಾಪಾರಾ, ಆಡದೆ ಡಗ್‌ಔಟ್‌ನಲ್ಲಿ ಕೂತಿರುತ್ತಾನೆ. ಕ್ಯಾಮೆರಾ ಅವನನ್ನು ತೋರಿಸಿದಾಗ ಗಮನಿಸಿ.

ಜುಲೈ 24, ಫೆನ್‌ವೇ ಪಾರ್ಕ್. ಅರೋಯೊ ಎಸೆದ ಚೆಂಡು ರೊಡ್ರಿಗೆಜ್‌ಗೆ ಬಡಿಯುತ್ತದೆ, ಕ್ಯಾಚರ್ ಜೇಸನ್ ವಾರಿಟೆಕ್ ತನ್ನ ಗ್ಲೌಸನ್ನು ಅವನ ಮುಖಕ್ಕೆ ಒತ್ತುತ್ತಾನೆ, ಎರಡೂ ತಂಡ ಕೈ ಕೈ ಮಿಲಾಯಿಸುತ್ತವೆ. ಎಲ್ಲರೂ ಜಗಳ ನೋಡಿ ಮುಚ್ಚಿಬಿಡುತ್ತಾರೆ. ನೀವು ಒಂಬತ್ತನೇ ಇನಿಂಗ್ಸ್‌ಗೆ ಹೋಗಿ. ಬಿಲ್ ಮ್ಯೂಲರ್, ರಿವೆರಾ ಎಸೆತಕ್ಕೆ ಹೋಮ್ ರನ್ ಹೊಡೆದು 11-10ರಿಂದ ಗೆಲ್ಲಿಸುತ್ತಾನೆ. ಮ್ಯೂಲರ್ ಎದುರು ರಿವೆರಾ. ಈ ಜೋಡಿಗೆ ಒಂದು ಅಡಿಗೆರೆ ಎಳೆಯಿರಿ.

ಜುಲೈ 31 ಪಂದ್ಯವೇ ಅಲ್ಲ, ವ್ಯಾಪಾರ. ಎಪ್‌ಸ್ಟೀನ್ ನೋಮರ್‌ನನ್ನು ಶಿಕಾಗೊ ಕಬ್ಸ್‌ಗೆ ಕಳಿಸಿ, ನಾಲ್ಕು ತಂಡಗಳ ವಿನಿಮಯದಲ್ಲಿ ಶಾರ್ಟ್‌ಸ್ಟಾಪ್ ಒರ್ಲಾಂಡೊ ಕ್ಯಾಬ್ರೆರಾ ಮತ್ತು ಫಸ್ಟ್ ಬೇಸ್‌ನ ಡಗ್ ಮೆಂಕೇವಿಚ್‌ನನ್ನು ತಂದ. ಇಬ್ಬರೂ ಫೀಲ್ಡಿಂಗ್‌ಗೆ ಹೆಸರಾದವರು. ಅದೇ ದಿನ, ಯಾರೂ ಅಷ್ಟಾಗಿ ಗಮನ ಕೊಡದ ಇನ್ನೊಂದು ವ್ಯಾಪಾರದಲ್ಲಿ ಲಾಸ್ ಏಂಜಲೀಸ್‌ನಿಂದ ಡೇವ್ ರಾಬರ್ಟ್ಸ್ ಬಂದ. ಕೆಲಸ ಒಂದೇ, ಓಡುವುದು. ಮುದ್ದಿನ ಆಟಗಾರನನ್ನು ಮಾರಿ ಫೀಲ್ಡಿಂಗ್ ಮತ್ತು ಕಾಲು ಕೊಳ್ಳುವುದಕ್ಕೆ ಎದೆಗಾರಿಕೆ ಬೇಕು, ಅಲ್ವಾ?

ಬಾಸ್ಟನ್ 98 ಗೆಲುವು, 64 ಸೋಲಿನಲ್ಲಿ ಸೀಸನ್ ಮುಗಿಸಿತು. ಯಾಂಕೀಸ್‌ಗಿಂತ ಮೂರು ಗೆಲುವು ಕಡಿಮೆ. ವೈಲ್ಡ್ ಕಾರ್ಡ್ ಬಾಗಿಲಿಂದ, ಅಂದರೆ ವಿಭಾಗ ಗೆಲ್ಲದ ತಂಡಕ್ಕೆ ಇರುವ ಜಾಗದಿಂದ, ಒಳಗೆ ಬಂತು. ಮೊದಲ ಸುತ್ತಿನಲ್ಲಿ ಅನಾಹೈಮ್ ಏಂಜಲ್ಸ್ ಎದುರು 3-0. ಅದರಲ್ಲಿ ಮೂರನೇ ಪಂದ್ಯದ ಹತ್ತನೇ ಇನಿಂಗ್ಸ್ ಮಾತ್ರ ನೋಡಿ. ಓರ್ಟಿಜ್ ಹೋಮ್ ರನ್ ಹೊಡೆದು ಮುಗಿಸುತ್ತಾನೆ. ಆದರೆ ನೀವು ಬರೆದುಕೊಳ್ಳಬೇಕಾದದ್ದು ಗೆದ್ದ ಪಿಚರ್ ಹೆಸರು: ಲೋ. ಸೀಸನ್ ಪೂರ್ತಿ ಸ್ಟಾರ್ಟರ್ ಆಗಿದ್ದವನನ್ನು ಆ ಹೊತ್ತಿಗೆ ಬುಲ್‌ಪೆನ್‌ಗೆ (ಪಂದ್ಯದ ನಡುವೆ ಬರುವ ಪಿಚರ್‌ಗಳ ಗುಂಪಿಗೆ) ತಳ್ಳಿದ್ದರು.

ಐದು ದಿನ

ಈಗ ಯಾಂಕೀಸ್ ಎದುರಿನ ಲೀಗ್ ಫೈನಲ್ ಸರಣಿ. ಮೊದಲ ಎರಡು ಪಂದ್ಯ ನ್ಯೂಯಾರ್ಕ್‌ನಲ್ಲಿ, ಎರಡೂ ಸೋಲು, 7-10 ಮತ್ತು 1-3. ಮೊದಲನೆಯದರಲ್ಲಿ ಶಿಲ್ಲಿಂಗ್ ಬಲಗಾಲಿನ ಮೇಲೆ ಭಾರ ಹಾಕಲಾಗದೆ ಒದ್ದಾಡುವುದು ನೋಡಿ, ಮುಂದೆ ಓಡಿಸಿ. ಮೂರನೇ ಪಂದ್ಯ 15ರಂದು ಆಗಬೇಕಿತ್ತು, ಮಳೆ ಬಂತು. ಈ ಮಳೆಯೇ ನಿಮ್ಮ ಕೊನೆಯ ಪುಟಕ್ಕೆ ಕಾರಣ. ನಡುವೆ ಇದ್ದ ಬಿಡುವಿನ ದಿನ ಹೋಯಿತು. ಮೂರರಿಂದ ಏಳನೇ ಪಂದ್ಯದವರೆಗೆ ಐದು ದಿನ ಒಂದೇ ಸಮನೆ ಆಡಬೇಕಾಯಿತು.

16ನೇ ತಾರೀಖು. 8-19ರ ಸೋಲು. ಇದನ್ನು ಯಾರೂ ನೋಡುವುದಿಲ್ಲ, ನೀವು ನಾಲ್ಕನೇ ಇನಿಂಗ್ಸ್‌ನಿಂದ ನೋಡಲೇಬೇಕು. ನಾಲ್ಕನೇ ಪಂದ್ಯ ಶುರುಮಾಡಬೇಕಿದ್ದವನು ವೇಕ್‌ಫೀಲ್ಡ್. ಸೋಲುತ್ತಿರುವ ಪಂದ್ಯದಲ್ಲಿ ಬುಲ್‌ಪೆನ್ ಸುಟ್ಟು ಹೋಗುತ್ತಿದೆ ಅಂತ ನೋಡಿ ತಾನೇ ಬರುತ್ತೇನೆ ಅಂದ. ನಾಳಿನ ತನ್ನ ಸರದಿ ಬಿಟ್ಟುಕೊಟ್ಟು, ಉಪಯೋಗವಿಲ್ಲದ ಪಂದ್ಯದಲ್ಲಿ ಮೂರು ಚಿಲ್ಲರೆ ಇನಿಂಗ್ಸ್ ಹೊಡೆತ ತಿಂದ. ಅವನ ಅಂಕಿ ಅಂಶ ಕೆಟ್ಟಿತು. ಆದರೆ ಟಿಮ್ಲಿನ್ ಮತ್ತು ಫೌಲ್ಕ್ ಆ ದಿನ ಎಸೆಯಲೇ ಇಲ್ಲ. ನಿಮ್ಮ ಪುಟದಲ್ಲಿ 16ರ ಕೆಳಗೆ ಅವರಿಬ್ಬರ ಚೌಕ ಖಾಲಿ ಇರುತ್ತದೆ. ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಚೌಕಗಳು ಅವು.

17ನೇ ತಾರೀಖು. ವೇಕ್‌ಫೀಲ್ಡ್ ಜಾಗಕ್ಕೆ ಲೋ ಬಂದ. ಒಂಬತ್ತನೇ ಇನಿಂಗ್ಸ್‌ಗೆ ಯಾಂಕೀಸ್ 4-3 ಮುಂದೆ, ರಿವೆರಾ ಎಂಟರಿಂದಲೇ ಎಸೆಯುತ್ತಿದ್ದಾನೆ. ಕೆವಿನ್ ಮಿಲ್ಲರ್ ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ) ಬಿಟ್ಟು ವಾಕ್, ಅಂದರೆ ಪುಕ್ಕಟೆ ಫಸ್ಟ್ ಬೇಸ್, ಪಡೆಯುತ್ತಾನೆ. ಅವನ ಬದಲು ಓಡಲು ರಾಬರ್ಟ್ಸ್. ಇಲ್ಲಿ ವಿಡಿಯೊ ನಿಧಾನ ಮಾಡಬೇಡಿ, ಆದ ವೇಗದಲ್ಲೇ ನೋಡಿ. ರಿವೆರಾ ಮೂರು ಸಲ ಫಸ್ಟ್ ಬೇಸ್‌ಗೆ ಎಸೆದು ಹೆದರಿಸುತ್ತಾನೆ. ಓಡುತ್ತಾನೆ ಅಂತ ಮೈದಾನದಲ್ಲಿ ಎಲ್ಲರಿಗೂ ಗೊತ್ತು. ಆದರೂ ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ಓಡುತ್ತಾನೆ. ಕ್ಯಾಚರ್ ಪೊಸಾಡ ಎಸೆತ ಚೆನ್ನಾಗಿಯೇ ಇತ್ತು, ಕೂದಲೆಳೆಯಲ್ಲಿ ಸೇಫ್. ಆಮೇಲೆ ಮ್ಯೂಲರ್ ಹೊಡೆತ ನೇರ ಮಧ್ಯಕ್ಕೆ, 4-4. ಜುಲೈ 24ರ ಅಡಿಗೆರೆ ಈಗ ಉಪಯೋಗಕ್ಕೆ ಬಂತು. ರಾಬರ್ಟ್ಸ್‌ಗೆ ಆ ಇಡೀ ಅಕ್ಟೋಬರ್‌ನಲ್ಲಿ ಒಮ್ಮೆಯೂ ಬ್ಯಾಟಿಂಗ್ ಸಿಗಲಿಲ್ಲ.

ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ಪಂದ್ಯ ಇನ್ನೂ ಸಮ ಆಗಿದೆ ಅಷ್ಟೇ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಯಾಂಕೀಸ್ ಬ್ಯಾಟಿಂಗ್, ಎರಡು ಔಟ್, ಮೂರೂ ಬೇಸ್ ತುಂಬಿವೆ. ಆಗ ಲೆಸ್ಕಾನಿಕ್ ಬಂದು ಬರ್ನಿ ವಿಲಿಯಮ್ಸ್‌ನನ್ನು ಔಟ್ ಮಾಡುತ್ತಾನೆ. ಚೌಕದಲ್ಲಿ 8 ಅಂತ ಬರೆಯಿರಿ. ಅದಿಲ್ಲದಿದ್ದರೆ ಹನ್ನೆರಡರಲ್ಲಿ ಓರ್ಟಿಜ್ ಹೋಮ್ ರನ್‌ಗೆ ಅರ್ಥವೇ ಇರುತ್ತಿರಲಿಲ್ಲ. 6-4. ಗಡಿಯಾರದಲ್ಲಿ ರಾತ್ರಿ 1:22. ಫೌಲ್ಕ್ ಸಾಲಿನಲ್ಲಿ ಬರೆಯಿರಿ: 50 ಎಸೆತ. ಕ್ಲೋಸರ್‌ಗೆ ಅದು ವಿಪರೀತ.

18ನೇ ತಾರೀಖು. ಅದೇ ದಿನ ಸಂಜೆ ಮತ್ತೆ ಆಟ. ಈ ಪಂದ್ಯ 5 ಗಂಟೆ 49 ನಿಮಿಷ. ಎರಡು ಕಂತಿನಲ್ಲಿ ನೋಡಿ, ಏಳನೇ ಇನಿಂಗ್ಸ್ ಮುಗಿದಾಗ ಎದ್ದು ಓಡಾಡಿ ಬನ್ನಿ. ಎಂಟರಲ್ಲಿ ಬಾಸ್ಟನ್ 2-4 ಹಿಂದೆ. ಓರ್ಟಿಜ್, ಗಾರ್ಡನ್ ಎಸೆತಕ್ಕೆ ಹೋಮ್ ರನ್. ಮತ್ತೆ ಮಿಲ್ಲರ್ ವಾಕ್, ಮತ್ತೆ ರಾಬರ್ಟ್ಸ್. ಮತ್ತೆ ರಿವೆರಾ, ಹಿಂದಿನ ರಾತ್ರಿ ಎರಡು ಇನಿಂಗ್ಸ್ ಎಸೆದವನು. ವಾರಿಟೆಕ್ ದೂರಕ್ಕೆ ಎತ್ತಿ ಹೊಡೆದದ್ದು ಕ್ಯಾಚ್ ಆಯಿತು, ಆದರೆ ಕ್ಯಾಚ್ ಹಿಡಿದ ಮೇಲೆ ರಾಬರ್ಟ್ಸ್ ಓಡಿ ಮನೆ ಮುಟ್ಟಿ 4-4.

ಒಂಬತ್ತರಲ್ಲಿ ಯಾಂಕೀಸ್‌ನ ಟೋನಿ ಕ್ಲಾರ್ಕ್ ಹೊಡೆದ ಚೆಂಡು ರೈಟ್ ಫೀಲ್ಡ್‌ನಲ್ಲಿ ಪುಟಿದು ಗೋಡೆ ಹಾರಿ ಪ್ರೇಕ್ಷಕರ ಒಳಗೆ ಹೋಗುತ್ತದೆ. ನಿಯಮದ ಪ್ರಕಾರ ಓಟಗಾರ ಮೂರನೇ ಬೇಸ್‌ನಲ್ಲೇ ನಿಲ್ಲಬೇಕು. ಚೆಂಡು ಒಳಗೇ ಉಳಿದಿದ್ದರೆ ರೂಬೆನ್ ಸಿಯೆರಾ ಮನೆ ಮುಟ್ಟಿರುತ್ತಿದ್ದ, ಬಹುಶಃ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಹನ್ನೆರಡಕ್ಕೆ ಬುಲ್‌ಪೆನ್ ಬಾಗಿಲು ತೆರೆದು ಬರುವವನು ವೇಕ್‌ಫೀಲ್ಡ್. ಅದೇ ಯಾಂಕೀಸ್, ಅದೇ ಹೆಚ್ಚುವರಿ ಇನಿಂಗ್ಸ್. ಅವನು ಎಸೆಯುವುದು ನಕಲ್‌ಬಾಲ್. ನಿಧಾನ, ತಿರುಗದೆ ತೇಲಿ ಬರುವ ಎಸೆತ. ತೋಳಿಗೆ ಅಷ್ಟು ದಣಿವಾಗುವುದಿಲ್ಲ, ಅದಕ್ಕೇ ಎರಡು ದಿನಕ್ಕೆ ಮತ್ತೆ ಬರಲು ಆಯಿತು. ತೊಂದರೆ ಹಿಡಿಯುವವನಿಗೆ. ವೇಕ್‌ಫೀಲ್ಡ್‌ಗೆ ಸಾಮಾನ್ಯವಾಗಿ ಕ್ಯಾಚರ್ ಆಗುತ್ತಿದ್ದವನು ಡಗ್ ಮಿರಾಬೆಲಿ. ಈ ದಿನ ವಾರಿಟೆಕ್. ಹದಿಮೂರನೇ ಇನಿಂಗ್ಸ್‌ನಲ್ಲಿ ಮೂರು ಸಲ ಚೆಂಡು ಅವನ ಕೈತಪ್ಪಿ ಹೋಗುತ್ತದೆ, ಓಟಗಾರರು ಎರಡು, ಮೂರನೇ ಬೇಸ್ ತಲುಪುತ್ತಾರೆ. ಪ್ರತಿ ಎಸೆತದಲ್ಲೂ ವಾರಿಟೆಕ್ ಗ್ಲೌಸ್ ನೋಡಿ, ಬ್ಯಾಟರ್‌ನನ್ನು ಬಿಡಿ. ಸಿಯೆರಾ ಸ್ಟ್ರೈಕ್‌ಔಟ್. ಆ ಕೆ ಅಕ್ಷರವನ್ನು ನಾನು ದಪ್ಪಗೆ ಬರೆದಿದ್ದೇನೆ. ಹದಿನಾಲ್ಕರಲ್ಲಿ ಓರ್ಟಿಜ್ ಹತ್ತನೇ ಎಸೆತಕ್ಕೆ ಹೊಡೆದ ಸಿಂಗಲ್‌ಗೆ ಜಾನಿ ಡೇಮನ್ ಓಡಿ ಬರುತ್ತಾನೆ, 5-4. ಗೆದ್ದ ಪಿಚರ್ ವೇಕ್‌ಫೀಲ್ಡ್.

19ನೇ ತಾರೀಖು, ನ್ಯೂಯಾರ್ಕ್. ಶಿಲ್ಲಿಂಗ್ ಪಾದದ ಸ್ನಾಯುರಜ್ಜು ಜಾರದಂತೆ ವೈದ್ಯರು ಚರ್ಮವನ್ನು ಒಳಗಿನ ಅಂಗಾಂಶಕ್ಕೆ ಹೊಲಿದಿದ್ದರು. ರಕ್ತಕ್ಕೆ ಕಾರಣ ಅದು. ಕ್ಯಾಮೆರಾ ಕಾಲುಚೀಲದ ಮೇಲೇ ಇರುತ್ತದೆ, ನೀವು ಇನಿಂಗ್ಸ್ ಎಣಿಸಿ. ಏಳು. ದಣಿದ ಬುಲ್‌ಪೆನ್‌ಗೆ ಸಿಕ್ಕ ವಿಶ್ರಾಂತಿ ಅದು. ಮಾರ್ಕ್ ಬೆಲ್‌ಹಾರ್ನ್ ಹೊಡೆದದ್ದು ಮೊದಲು ಡಬಲ್ ಅಂದರು, ಚೆಂಡು ಪ್ರೇಕ್ಷಕನೊಬ್ಬನ ಎದೆಗೆ ಬಡಿದು ವಾಪಸ್ ಬಿದ್ದಿತ್ತು. ಅಳಿಸಿ, ಹೋಮ್ ರನ್ ಬರೆಯಿರಿ. ಎಂಟರಲ್ಲಿ ರೊಡ್ರಿಗೆಜ್, ಅರೋಯೊ ಕೈಯಿಂದ ಚೆಂಡು ಬಡಿದು ಬೀಳಿಸಿ ಬೇಸ್ ಮುಟ್ಟಿದ, ಜೀಟರ್ ರನ್ ತೆಗೆದ. ಅದನ್ನೂ ಅಳಿಸಿ. ರೊಡ್ರಿಗೆಜ್ ಔಟ್, ಜೀಟರ್ ವಾಪಸ್ ಫಸ್ಟ್ ಬೇಸ್‌ಗೆ. 4-2. ಕೊನೆಗೆ ಬಂದವನು ಮತ್ತೆ ಫೌಲ್ಕ್. ಈಗ ಅವನ ಸಾಲು ಕೂಡಿಸಿ: 50, 22, 28. ಮೂರು ದಿನದಲ್ಲಿ ನೂರು ಎಸೆತ.

20ನೇ ತಾರೀಖು. 10-3. ಡೇಮನ್ ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್‌ನ ಹೋಮ್ ರನ್) ಹೊಡೆದದ್ದು ಎರಡನೇ ಇನಿಂಗ್ಸ್‌ನಲ್ಲೇ, ಹಾಗಾಗಿ ಉದ್ವೇಗ ಕಮ್ಮಿ. ಲೋನನ್ನು ನೋಡಿ. ಬರೀ ಎರಡು ದಿನದ ವಿಶ್ರಾಂತಿ, ಆರು ಇನಿಂಗ್ಸ್, ಒಂದೇ ಹಿಟ್. ಸಾಮಾನ್ಯವಾಗಿ ದಣಿದ ತೋಳಿನಿಂದ ಬಂದ ಚೆಂಡು ಕೆಳಗಿಳಿಯುತ್ತದೆ, ಲೋ ಬೇಕೆಂದೇ ಕೆಳಗಿಳಿಸುವ ಪಿಚರ್. ಅದಕ್ಕೇ ದಣಿದ ತೋಳು ಅವನಿಗೆ ಅಷ್ಟು ಭಾರವಾಗಲಿಲ್ಲ ಅನ್ನುವುದು ನನ್ನ ಊಹೆ. ಕೊನೆಯ ಔಟ್ 4-3.

ವರ್ಲ್ಡ್ ಸೀರೀಸ್ ಬೇಗ ಮುಗಿಸಿ

ಎದುರಾಳಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್, 105 ಪಂದ್ಯ ಗೆದ್ದು ಬಂದ ತಂಡ. ಬಾಸ್ಟನ್ ನಾಲ್ಕೂ ಗೆದ್ದಿತು, ಸರಣಿಯಲ್ಲಿ ಒಂದು ಕ್ಷಣವೂ ಹಿಂದೆ ಬೀಳಲಿಲ್ಲ. ಸ್ಕೋರರ್‌ಗೆ ಇದರಲ್ಲಿ ಕೆಲಸ ಕಮ್ಮಿ. ಮೊದಲ ಪಂದ್ಯ 11-9, ಬಾಸ್ಟನ್ ನಾಲ್ಕು ಎರರ್ (ಫೀಲ್ಡಿಂಗ್ ತಪ್ಪು) ಮಾಡಿಯೂ ಗೆದ್ದದ್ದು. ಎರಡನೆಯದರಲ್ಲೂ ನಾಲ್ಕು ಎರರ್, 6-2. ಫೀಲ್ಡಿಂಗ್‌ಗಾಗಿ ಮುದ್ದಿನ ಆಟಗಾರನನ್ನು ಮಾರಿದ ತಂಡ ಅನ್ನುವುದು ನೆನಪಿದ್ದರೆ ನಗು ಬರುತ್ತದೆ. ಮೂರನೆಯದು 4-1, ಪೆಡ್ರೊ ಏಳು ಇನಿಂಗ್ಸ್.

ನಾಲ್ಕನೆಯದು ಅಕ್ಟೋಬರ್ 27, 3-0. ಆ ರಾತ್ರಿ ಚಂದ್ರಗ್ರಹಣ ಇತ್ತು, ಟಿವಿಯವರು ಅದನ್ನು ತೋರಿಸದೆ ಬಿಡುವುದಿಲ್ಲ. ಲೋ ಮತ್ತೆ ಏಳು ಇನಿಂಗ್ಸ್. ಮೂರು ಸುತ್ತನ್ನು ಮುಗಿಸಿದ ಮೂರು ಪಂದ್ಯಗಳಲ್ಲೂ ಗೆದ್ದ ಪಿಚರ್ ಅವನೇ. ಕೊನೆಗೆ ಎಡ್ಗರ್ ರೆಂಟೆರಿಯ ಹೊಡೆದ ಚೆಂಡು ನೇರ ಫೌಲ್ಕ್ ಕೈಗೆ ಬರುತ್ತದೆ. ಅವನು ಕೆಲವು ಹೆಜ್ಜೆ ಓಡಿ ಮೆಂಕೇವಿಚ್‌ಗೆ ಎಸೆಯುತ್ತಾನೆ: 1-3. ರೆಂಟೆರಿಯ ಜರ್ಸಿ ನಂಬರ್ 3, ರೂತ್‌ನ ನಂಬರ್. ಶಾಪದ ಕಥೆ ಇಷ್ಟಪಡುವವರು ಇದನ್ನು ಪುಟದ ಅಂಚಿಗೆ ಬರೆದುಕೊಳ್ಳಬಹುದು.

ಇಷ್ಟೆಲ್ಲ ಸಮಯ ಇಲ್ಲದವರಿಗೆ ಒಂದು ಅಡ್ಡದಾರಿ. 2003ರ ಏಳನೇ ಪಂದ್ಯದ ಎಂಟನೇ ಇನಿಂಗ್ಸ್, 2004ರ ಮೂರನೇ ಪಂದ್ಯದಲ್ಲಿ ವೇಕ್‌ಫೀಲ್ಡ್ ಬಂದ ಮೇಲಿನ ಭಾಗ, ನಾಲ್ಕನೆಯದು ಒಂಬತ್ತರಿಂದ, ಐದನೆಯದು ಎಂಟರಿಂದ. ಎರಡು ಸಂಜೆಗೆ ಆಗುತ್ತದೆ. ಆದರೆ ಕೊನೆಯ ಪುಟದ ಐದು ಕಾಲಂ ಮಾತ್ರ ಪೂರ್ತಿ ತುಂಬಿಸಿ, ನೋಡದ ಪಂದ್ಯದ ಲೆಕ್ಕವನ್ನು ರೆಟ್ರೋಶೀಟ್‌ನಿಂದ ತೆಗೆದುಕೊಳ್ಳಿ.